ಎರೆನೆಲದ ದಾರಿಗೆ ಗ್ರಾನೈಟ್ ಸ್ಲರಿ: ಬೆರೆಸುವ ಮೊದಲು, ಬೆರೆಸುವಾಗ

ಕುಷ್ಟಗಿ ದಾಟಿ ಇಳಕಲ್ಲು ಸಮೀಪಿಸಿದಂತೆ ಗ್ರಾನೈಟ್ ಕೊಯ್ಯುವ ಘಟಕಗಳ ಹಿಂದೆ ಸ್ಲರಿ ಎಂದು ಕರೆಯುವ ಬೂದು ಬಣ್ಣದ ಕಲ್ಲುಪುಡಿಯ ಕೆಸರು ಗುಡ್ಡೆಗಟ್ಟಿ ಒಣಗಿರುವುದು ಕಾಣುತ್ತದೆ. ಅಲ್ಲಿಂದ ಯಲಬುರ್ಗಾ, ಕುಕನೂರಿನ ಕಡೆಗೆ ಹೊರಳಿದರೆ ಮಳೆಗಾಲದಲ್ಲಿ ಟ್ರ್ಯಾಕ್ಟರ್ ಸಹ ಹೂತು ನಿಲ್ಲುವ ಎರೆನೆಲ ಸಿಗುತ್ತದೆ. ಒಂದು ಕಡೆ ಸುರಿಯಲು ಜಾಗವಿಲ್ಲದ ಕಲ್ಲುಪುಡಿ, ಇನ್ನೊಂದು ಕಡೆ ದಾರಿಯನ್ನು ಹೊರಲಾರದ ಮಣ್ಣು ಇರುವಾಗ ಎರಡನ್ನೂ ಕೂಡಿಸುವ ಯೋಚನೆ ಯಾರಿಗಾದರೂ ಬರುತ್ತದೆ. ಯೋಚನೆ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಕಲ್ಲುಪುಡಿ ಎರೆಮಣ್ಣಿಗೆ ಮದ್ದಲ್ಲ, ಬೆರಕೆ. ಮದ್ದಿನ ಕೆಲಸವನ್ನು ಸುಣ್ಣ ಮಾಡಬೇಕು, ಆ ಮದ್ದು ಉಳಿಯುವಂತೆ ನೀರಿನ ದಾರಿಯನ್ನು ನಾವು ಸರಿಪಡಿಸಬೇಕು.

ಇದನ್ನು ನಾನು ಕಲಿತದ್ದು ಕೆಲಸ ಕೆಡಿಸಿಕೊಂಡು. ಕುಕನೂರು ಕಡೆಯ ಒಂದು ಗೋದಾಮಿನ ಅಂಗಳಕ್ಕೆ ಹತ್ತಾರು ಟಿಪ್ಪರ್ ಸ್ಲರಿಯನ್ನು ತರಿಸಿ, ಎರೆಮಣ್ಣಿನ ಮೇಲೆ ಅರ್ಧ ಅಡಿ ಹರಡಿಸಿ, ರೋಲರ್ ಓಡಿಸಿ, ಬೇಸಿಗೆಯಲ್ಲಿ ಸಿಮೆಂಟಿನಂತೆ ಗಟ್ಟಿಯಾದ ನೆಲವನ್ನು ಕಂಡು ಸಂತೋಷಪಟ್ಟಿದ್ದೆ. ಸೆಪ್ಟೆಂಬರಿನ ಎರಡು ದೊಡ್ಡ ಮಳೆಯ ನಂತರ ಲೋಡಾದ ಲಾರಿಯ ಗಾಲಿಗಳ ಕೆಳಗಿನಿಂದ ಬೂದು ಹಾಲಿನಂತಹ ನೀರು ಚಿಮ್ಮಿತು, ಗಾಲಿಗಳು ಅಚ್ಚಿನವರೆಗೆ ಇಳಿದವು. ಒಣಗಿದಾಗ ಗಟ್ಟಿಯಾಗಿ ಕಂಡದ್ದು ಬರೀ ಒಣಗಿದ ಹೂಳು. ಗ್ರಾನೈಟ್ ಪುಡಿಗೆ ತಾನಾಗಿ ಕಚ್ಚಿಕೊಳ್ಳುವ ಗುಣವಿಲ್ಲ, ನೀರು ತುಂಬಿದರೆ ಅದರ ಕಣಗಳು ಒಂದನ್ನೊಂದು ಬಿಟ್ಟುಕೊಡುತ್ತವೆ. ಕೆಳಗಿನ ಎರೆಮಣ್ಣು ಮಾತ್ರ ತನ್ನ ಹಳೆಯ ಸ್ವಭಾವದಲ್ಲೇ ಇತ್ತು, ಏಕೆಂದರೆ ನಾನು ಅದನ್ನು ಮುಟ್ಟಿರಲೇ ಇಲ್ಲ.

ಮಣ್ಣಿನ ಸ್ವಭಾವ

ಎರೆಮಣ್ಣಿನಲ್ಲಿ ಮಾಂಟ್ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚಾಗಿರುತ್ತದೆ. ಇದರ ಕಣ ಒಂದರ ಮೇಲೊಂದು ಪೇರಿಸಿದ ಅತಿ ತೆಳುವಾದ ಹಾಳೆಗಳಂತಿದ್ದು, ಹಾಳೆಗಳ ನಡುವೆ ನೀರು ನುಗ್ಗಿದಾಗ ಕಣ ಉಬ್ಬುತ್ತದೆ, ನೀರು ಹೋದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿಗೆ ಮೊಣಕೈವರೆಗೆ ಕೈ ಇಳಿಯುವುದೂ, ಮಳೆಗಾಲದಲ್ಲಿ ಅದೇ ಬಿರುಕು ಮುಚ್ಚಿ ನೆಲ ಮೇಲೇಳುವುದೂ ಇದರಿಂದಲೇ. ಜೋಳ, ಕಡಲೆ ಬೆಳೆಯುವ ರೈತನಿಗೆ ತೇವ ಹಿಡಿದಿಡುವ ಈ ಗುಣ ವರದಾನವಾದರೆ ರಸ್ತೆ ಮಾಡುವವನಿಗೆ ಶಾಪ. ನಾಲ್ಕು ದಿನ ನೀರಿನಲ್ಲಿ ನೆನೆಸಿ ಪರೀಕ್ಷಿಸಿದಾಗ ಇಂತಹ ಮಣ್ಣಿನ ಸಿಬಿಆರ್ ಸಾಮಾನ್ಯವಾಗಿ 1ರಿಂದ 3 ಶೇಕಡದ ಆಸುಪಾಸಿನಲ್ಲಿ ಉಳಿಯುತ್ತದೆ. ಸಿಬಿಆರ್ ಎಂದರೆ ನೆಲದೊಳಗೆ ಕಬ್ಬಿಣದ ದಂಡವನ್ನು ಒತ್ತಲು ಬೇಕಾಗುವ ಬಲವನ್ನು ಉತ್ತಮ ಜಲ್ಲಿಯೊಂದಿಗೆ ಹೋಲಿಸಿ ಹೇಳುವ ಶೇಕಡಾವಾರು ಅಂಕಿ. ಹೆಚ್ಚು ವಾಹನ ಓಡುವ ರಸ್ತೆಗಳ ತಳದ ಮಣ್ಣಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ 37 ಕನಿಷ್ಠ 5 ಶೇಕಡ ಕೇಳುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಯಾವ ಪುಡಿ?

ಗ್ರಾನೈಟ್ ಕಸ ಎಂದಾಗ ನಮ್ಮಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುತ್ತಾರೆ, ಕೊಳ್ಳುವಾಗಲೇ ಇದನ್ನು ಬಿಡಿಸಿಕೊಳ್ಳಬೇಕು. ಮೊದಲನೆಯದು ಕ್ರಷರ್ ಡಸ್ಟ್. ಇದು ಜಲ್ಲಿ ಒಡೆಯುವಾಗ ಬರುವ, ಮರಳಿನ ಕಾಳು ಮತ್ತು ಹಿಟ್ಟು ಎರಡೂ ಇರುವ ಪುಡಿ. ಇದು ಮಣ್ಣಿನಲ್ಲಿ ಒಳ್ಳೆಯ ಎಲುಬು ಕೊಡುತ್ತದೆ, ಆದರೆ ಎಂ-ಸ್ಯಾಂಡ್ ಬೇಡಿಕೆಯಿಂದಾಗಿ ಈಗ ಕಸವಾಗಿ ಉಳಿದಿಲ್ಲ. ಎರಡನೆಯದು ಕಲ್ಲು ಕೊಯ್ಯುವ ಘಟಕದ ಸ್ಲರಿ. ಇದರ ಬಹುಪಾಲು 75 ಮೈಕ್ರಾನ್ ಜರಡಿಯಲ್ಲಿ ಇಳಿದು ಹೋಗುವಷ್ಟು ನುಣುಪು, ಬೆರಳ ನಡುವೆ ಉಜ್ಜಿದರೆ ಟಾಲ್ಕಂ ಪೌಡರಿನಂತೆ ಜಾರುತ್ತದೆ. ಮೂರನೆಯದು ಪಾಲಿಶ್ ವಿಭಾಗದ ಕೆಸರು. ಇದರಲ್ಲಿ ಪಾಲಿಶಿನ ರಾಸಾಯನಿಕಗಳೂ ಬಿರುಕು ತುಂಬಲು ಬಳಸಿದ ರಾಳವೂ ಸೇರಿರುವ ಸಾಧ್ಯತೆ ಇರುವುದರಿಂದ ನಾನು ಅದನ್ನು ಮುಟ್ಟುವುದಿಲ್ಲ.

ಸ್ಲರಿಯಲ್ಲೂ ಎರಡು ಜಾತಿ ಇದೆ. ಗ್ಯಾಂಗ್‌ಸಾ ಯಂತ್ರದಲ್ಲಿ ಉಕ್ಕಿನ ಸಣ್ಣ ಹರಳುಗಳನ್ನು ಸುಣ್ಣದ ನೀರಿನೊಂದಿಗೆ ಹರಿಸಿ ಕಲ್ಲು ಕೊಯ್ಯುತ್ತಾರೆ. ವಜ್ರದ ಹಲ್ಲಿನ ಕಟ್ಟರ್‌ಗಳಲ್ಲಿ ನೀರು ಮಾತ್ರ ಇರುತ್ತದೆ. ಗ್ಯಾಂಗ್‌ಸಾ ಸ್ಲರಿ ಒಣಗಿದ ಮೇಲೆ ತುಕ್ಕಿನ ಕಂದು ಛಾಯೆ ಪಡೆಯುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಅದರಲ್ಲಿ ಎಳೆದರೆ ಕಪ್ಪು ಹರಳುಗಳು ಮೀಸೆಯಂತೆ ಹತ್ತಿಕೊಳ್ಳುತ್ತವೆ. ರಸ್ತೆಯ ತಳಕ್ಕೆ ಈ ಉಕ್ಕಿನಿಂದ ತೊಂದರೆಯಿಲ್ಲ. ಆದರೆ ಇದರಲ್ಲಿ ಹೇಗೂ ಸುಣ್ಣವಿದೆ, ಬೇರೆ ಸುಣ್ಣ ಏಕೆ ಎಂದು ಮಾರುವವರು ಹೇಳಿದರೆ ನಂಬಬಾರದು. ಗುಡ್ಡೆಯಲ್ಲಿ ತಿಂಗಳುಗಟ್ಟಲೆ ಗಾಳಿಗೆ ಬಿದ್ದ ಸುಣ್ಣ ಮತ್ತೆ ಸುಣ್ಣಕಲ್ಲಿನ ಪುಡಿಯಾಗಿ ತಿರುಗಿರುತ್ತದೆ, ಅದಕ್ಕೆ ಜೇಡಿಯನ್ನು ಬದಲಿಸುವ ಶಕ್ತಿ ಉಳಿದಿರುವುದಿಲ್ಲ. ನಮ್ಮ ಎರೆಹೊಲಗಳಲ್ಲಿ ಸಿಗುವ ಬಿಳಿ ಸುಣ್ಣದ ಹರಳುಗಳ ಮಾತೂ ಇದೇ. ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಮಾತ್ರ ಅದು ಸುಣ್ಣ.

ಎರಡು ಗಾಜಿನ ಕೊಳವೆಗಳ ಪರೀಕ್ಷೆ

ಲ್ಯಾಬಿಗೆ ಮಣ್ಣು ಕಳಿಸುವ ಮೊದಲು ಒಂದು ಪರೀಕ್ಷೆಯನ್ನು ಎದುರಿಗೆ ಮಾಡಿ ನೋಡುವುದು ಒಳ್ಳೆಯದು. ಮಣ್ಣಿನ ಪರೀಕ್ಷೆಗಳ ಭಾರತೀಯ ಮಾನಕವಾದ ಐಎಸ್ 2720ರ 40ನೇ ಭಾಗದಲ್ಲಿ ಇದರ ವಿಧಾನವಿದೆ. ಒಲೆಯಲ್ಲಿ ಒಣಗಿಸಿ, ಕುಟ್ಟಿ, 425 ಮೈಕ್ರಾನ್ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಲೀಟರ್ ಗುರುತಿರುವ ಎರಡು ಗಾಜಿನ ಕೊಳವೆಗಳಿಗೆ ಹಾಕಬೇಕು. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಬಟ್ಟಿ ಇಳಿಸಿದ ನೀರು ತುಂಬಿ, ಗಾಳಿಯ ಗುಳ್ಳೆ ಹೋಗುವಂತೆ ಕಲಕಿ, 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಮರುದಿನ ಸೀಮೆಎಣ್ಣೆಯ ಕೊಳವೆಯಲ್ಲಿ ಮಣ್ಣು 10ರ ಗುರುತಿನಲ್ಲೂ ನೀರಿನ ಕೊಳವೆಯಲ್ಲಿ 18ರ ಗುರುತಿನಲ್ಲೂ ನಿಂತಿದೆ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 8, ಅದನ್ನು 10ರಿಂದ ಭಾಗಿಸಿದರೆ ಉಬ್ಬುವಿಕೆ 80 ಶೇಕಡ. ಕೇಂದ್ರ ಸಾರಿಗೆ ಸಚಿವಾಲಯದ ರಸ್ತೆ ಕಾಮಗಾರಿ ನಿಯಮಾವಳಿಯ ಪ್ರಕಾರ ಈ ಅಂಕಿ 50 ದಾಟಿದ ಮಣ್ಣನ್ನು ಏರಿಗೆ ತುಂಬುವಂತಿಲ್ಲ.

ಈಗ ಬೆರಕೆಯ ಲೆಕ್ಕ ನೋಡಬೇಕು. ನೂರು ಭಾಗ ಒಣಮಣ್ಣಿಗೆ 25 ಭಾಗ ಸ್ಲರಿ ಸೇರಿಸಿದರೆ ಒಟ್ಟು 125 ಭಾಗದಲ್ಲಿ ಉಬ್ಬುವ ಮಣ್ಣು ಐದರಲ್ಲಿ ನಾಲ್ಕು ಪಾಲು ಉಳಿಯುತ್ತದೆ, ಆದ್ದರಿಂದ 80 ಶೇಕಡದ ಉಬ್ಬು ಅಂದಾಜು 64ಕ್ಕೆ ಇಳಿಯುತ್ತದೆ. ಸ್ಲರಿಯನ್ನು 40 ಭಾಗಕ್ಕೆ ಏರಿಸಿದರೂ 57ರ ಸಮೀಪಕ್ಕೆ ಬರುತ್ತೇವೆ ಹೊರತು 50ರ ಕೆಳಗಲ್ಲ. ಅಷ್ಟು ಹೊತ್ತಿಗೆ ಸಾಗಾಟದ ಖರ್ಚು ಗರಸು ತಂದು ಹಾಕುವ ಖರ್ಚನ್ನು ಮೀರಿರುತ್ತದೆ, ನೆನೆದಾಗ ಹೂಳಿನಂತೆ ವರ್ತಿಸುವ ನುಣುಪುಪುಡಿಯೂ ಅತಿಯಾಗಿರುತ್ತದೆ. ನನ್ನ ಅನುಭವದಲ್ಲಿ 20ರಿಂದ 30 ಭಾಗದ ನಡುವೆ ಪುಡಿಯಿಂದ ಸಿಗಬೇಕಾದ ಲಾಭ ಸಿಕ್ಕಿಬಿಡುತ್ತದೆ. ಮಣ್ಣಿನ ಅಂಟು ಕಡಿಮೆಯಾಗಿ ಹೆಂಟೆ ಒಡೆಯುವುದು ಸುಲಭವಾಗುತ್ತದೆ, ಒತ್ತಿದಾಗ ಸಾಂದ್ರತೆ ಏರುತ್ತದೆ, ಬಿರುಕು ಕಿರಿದಾಗುತ್ತದೆ. ಉಳಿದ ದಾರಿಯನ್ನು ಸುಣ್ಣದಿಂದಲೇ ನಡೆಯಬೇಕು.

ಸುಣ್ಣದ ಪ್ರಮಾಣ

ಸುಣ್ಣ ಬೆರೆತ ಕೂಡಲೇ ಅದರ ಕ್ಯಾಲ್ಸಿಯಂ ಜೇಡಿಯ ಹಾಳೆಗಳ ಮೇಲಿನ ಸೋಡಿಯಂ ಮೊದಲಾದವನ್ನು ಸರಿಸಿ ಕೂರುತ್ತದೆ, ಹಾಳೆಗಳು ನೀರಿಗೆ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ, ಅಂಟುಮಣ್ಣು ಕೆಲವೇ ಗಂಟೆಗಳಲ್ಲಿ ಪುಡಿಪುಡಿಯಾಗುತ್ತದೆ. ಇದು ಮೊದಲ ಹಂತ. ಎರಡನೆಯ ಹಂತದಲ್ಲಿ, ಮಣ್ಣು ಸಾಕಷ್ಟು ಕ್ಷಾರೀಯವಾಗಿ ಉಳಿದರೆ, ಜೇಡಿಯೊಳಗಿನ ಸಿಲಿಕಾ ಮತ್ತು ಅಲ್ಯುಮಿನಾ ಕರಗಿ ಸುಣ್ಣದೊಂದಿಗೆ ಸೇರಿ ಸಿಮೆಂಟಿನಂತಹ ಬಂಧ ಕಟ್ಟುತ್ತದೆ. ಇದು ವಾರ, ತಿಂಗಳುಗಳ ನಿಧಾನದ ಕೆಲಸ. ಗ್ರಾನೈಟ್ ಪುಡಿಯಲ್ಲೂ ಸಿಲಿಕಾ ಹೇರಳವಾಗಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಆದರೆ ಅದು ಹರಳುಗಟ್ಟಿದ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್ ರೂಪದಲ್ಲಿದ್ದು ಸುಣ್ಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ಎಷ್ಟು ಸುಣ್ಣ ಬೇಕೆಂಬುದನ್ನು ಕ್ಷಾರತೆ ಅಳೆಯುವ ಪಿಎಚ್ ಪರೀಕ್ಷೆಯಿಂದ ತಿಳಿಯಬಹುದು. ಜರಡಿ ಹಿಡಿದ ಒಣಮಣ್ಣಿನ ಐದಾರು ಮಾದರಿಗಳಿಗೆ 2, 3, 4, 5, 6 ಶೇಕಡದಂತೆ ಸುಣ್ಣ ಬೆರೆಸಿ, ನೀರು ಹಾಕಿ ಆಗಾಗ ಅಲುಗಾಡಿಸಿ, ಒಂದು ಗಂಟೆಯ ನಂತರ ಪಿಎಚ್ ಅಳೆಯುತ್ತಾರೆ. 12.4 ಮುಟ್ಟುವ ಅತಿ ಕಡಿಮೆ ಪ್ರಮಾಣವೇ ಆ ಮಣ್ಣಿಗೆ ಬೇಕಾದ ಕನಿಷ್ಠ ಸುಣ್ಣ. ಕೆಲಸದ ಜಾಗದಲ್ಲಿ ಗಾಳಿಗೆ ಹಾರುವ, ಸಮನಾಗಿ ಬೆರೆಯದ ಪಾಲಿಗೆಂದು ಅರ್ಧದಿಂದ ಒಂದು ಶೇಕಡ ಸೇರಿಸಿಕೊಳ್ಳಬೇಕು. ನಂತರ ಆ ಬೆರಕೆಯನ್ನು ಲ್ಯಾಬಿಗೆ ಕೊಟ್ಟು ಲಿಕ್ವಿಡ್ ಲಿಮಿಟ್ (ಮಣ್ಣು ಹರಿಯತೊಡಗುವ ತೇವ), ಪ್ಲಾಸ್ಟಿಕ್ ಲಿಮಿಟ್ (ದಾರದಂತೆ ಹೊಸೆಯಲು ಬರುವ ಕನಿಷ್ಠ ತೇವ), ಪ್ರಾಕ್ಟರ್ ಸಾಂದ್ರತೆ (ಹದವಾದ ತೇವದಲ್ಲಿ ಒತ್ತಿದಾಗ ಸಿಗುವ ಗರಿಷ್ಠ ಒಣ ಸಾಂದ್ರತೆ) ಮತ್ತು ನೆನೆಸಿದ ಸಿಬಿಆರ್ ತೆಗೆಸಬೇಕು. ಬರೀ ಮಣ್ಣು, ಮಣ್ಣು ಮತ್ತು ಪುಡಿ, ಮಣ್ಣು ಪುಡಿ ಸುಣ್ಣ ಎಂದು ಮೂರು ಮಾದರಿಗಳನ್ನು ಕೊಟ್ಟರೆ ಯಾವುದು ಏನು ಮಾಡಿತೆಂಬುದು ಕಾಗದದ ಮೇಲೆ ನಿಚ್ಚಳವಾಗುತ್ತದೆ. ನೆನೆಸದ ಸಿಬಿಆರ್ ಅಂಕಿಯನ್ನು ತೋರಿಸಿ ಯಾರಾದರೂ ಒಪ್ಪಿಸಲು ಬಂದರೆ ಆ ಕಾಗದವನ್ನು ಮಡಿಚಿ ವಾಪಸು ಕೊಡುವುದೇ ಲೇಸು.

ಲ್ಯಾಬಿನ ವರದಿ ಬರುವಷ್ಟರಲ್ಲಿ ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಇದೇ ಮೂರು ಬೆರಕೆಗಳನ್ನು ಚಪಾತಿ ಹಿಟ್ಟಿಗಿಂತ ಸ್ವಲ್ಪ ಬಿರುಸಾಗಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಏಳು ದಿನ ನೆರಳಲ್ಲಿಟ್ಟು, ಒಂದು ದಿನ ಬಿಚ್ಚಿ ಒಣಗಿಸಿ, ನೀರು ತುಂಬಿದ ಬಟ್ಟಲುಗಳಲ್ಲಿ ಬಿಡಬೇಕು. ಬರೀ ಎರೆಯ ಉಂಡೆ ಸದ್ದಿಲ್ಲದೆ ಸಿಪ್ಪೆ ಬಿಚ್ಚುತ್ತ ಸ್ವಲ್ಪ ಹೊತ್ತಿನಲ್ಲೇ ರಾಶಿಯಾಗಿ ಕುಸಿಯುತ್ತದೆ. ಪುಡಿ ಬೆರೆಸಿದ್ದು ಅದಕ್ಕಿಂತಲೂ ಬೇಗ ಕರಗಬಹುದು. ಸುಣ್ಣ ಸೇರಿದ್ದು ಮರುದಿನವೂ ದುಂಡಗೆ ಕುಳಿತಿರುತ್ತದೆ. ಗೋದಾಮಿನ ಮಾಲೀಕರಿಗೆ ಸುಣ್ಣದ ಖರ್ಚನ್ನು ಒಪ್ಪಿಸಲು ಈ ಮೂರು ಬಟ್ಟಲುಗಳಿಗಿಂತ ಒಳ್ಳೆಯ ವಾದ ನನಗೆ ಸಿಕ್ಕಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ತುಂಗಭದ್ರಾ ಕಾಲುವೆಯ ನೀರು ಹರಿಯುವ ಗಂಗಾವತಿ, ಸಿಂಧನೂರು ಭಾಗದಲ್ಲಿ ನೀರು ಬಸಿಯದೆ ಸವಳಾದ ನೆಲಗಳಿವೆ. ಮಣ್ಣಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ, ಅದರಲ್ಲೂ ಮಿನುಗುವ ಜಿಪ್ಸಂ ಹರಳುಗಳು ಕಂಡರೆ, ಸುಣ್ಣದೊಂದಿಗೆ ಅದು ಸೇರಿ ಉಬ್ಬುವ ಹೊಸ ಹರಳುಗಳನ್ನೇ ಹುಟ್ಟಿಸುತ್ತದೆ, ಮದ್ದೇ ರೋಗವಾಗುತ್ತದೆ. ಇಂತಹ ಕಡೆ ಸಲ್ಫೇಟ್ ಪರೀಕ್ಷೆಯಾಗದೆ ಒಂದು ಚೀಲ ಸುಣ್ಣವನ್ನೂ ಬಿಚ್ಚಬಾರದು.

ನೂರು ಮೀಟರಿನ ಲೆಕ್ಕ

ಗೋದಾಮಿಗೆ ಹೋಗುವ 100 ಮೀಟರ್ ಉದ್ದದ ದಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಾಲಿ ಓಡುವುದು 3 ಮೀಟರ್ ಅಗಲದಲ್ಲಾದರೂ ಅಂಚಿನ ಮಣ್ಣು ಮೊದಲು ನೆನೆದು ಮೊದಲು ಒಣಗುವುದರಿಂದ ಎರಡೂ ಬದಿಗೆ ಅರ್ಧರ್ಧ ಮೀಟರ್ ಸೇರಿಸಿ 4 ಮೀಟರ್ ಅಗಲಕ್ಕೆ ಮದ್ದು ಕೊಡಬೇಕು. ದಪ್ಪ, ಒತ್ತಿದ ಮೇಲೆ 300 ಮಿ.ಮೀ., ತಲಾ 150ರ ಎರಡು ಪದರ. ಒತ್ತಿದ ಗಾತ್ರ 120 ಘನ ಮೀಟರ್. ಲ್ಯಾಬಿನಲ್ಲಿ ಬಂದ ಒಣ ಸಾಂದ್ರತೆ ಘನ ಮೀಟರಿಗೆ 1.6 ಟನ್ ಎಂದಾದರೆ ಒಟ್ಟು ಒಣತೂಕ 192 ಟನ್. ಮಣ್ಣು 100, ಪುಡಿ 25, ಸುಣ್ಣ 4 ಭಾಗವೆಂದರೆ ಒಟ್ಟು 129 ಭಾಗ. ಆ ಪ್ರಕಾರ ಮಣ್ಣು ಸುಮಾರು 149 ಟನ್, ಪುಡಿ 37 ಟನ್, ಸುಣ್ಣ 6 ಟನ್ ಬೇಕಾಗುತ್ತದೆ.

ಎಡವುವುದು ಇಲ್ಲಿ. ಈ ಎಲ್ಲ ಅಂಕಿಗಳೂ ಒಣತೂಕ, ಆದರೆ ತೊಟ್ಟಿಯಿಂದ ಎತ್ತಿದ ಸ್ಲರಿ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದಿರುತ್ತದೆ. ಒಂದು ಕಿಲೋ ಸ್ಲರಿಯನ್ನು ಬಾಣಲೆಯಲ್ಲಿ ಹುರಿದು ಮತ್ತೆ ತೂಗಿದರೆ ನಿಜ ತಿಳಿಯುತ್ತದೆ. ಒಣತೂಕದ 20 ಶೇಕಡ ನೀರಿದ್ದರೆ 37 ಟನ್ ಪುಡಿಗೆ ತೂಕದ ಕಾಟಾದಲ್ಲಿ 44 ಟನ್‌ಗೂ ಮೇಲೆ ತೂಗಿದ ಮಾಲು ತರಿಸಬೇಕು. ಟಿಪ್ಪರ್ ಎಣಿಸಿ ಲೆಕ್ಕ ಹಾಕಿದವರ ಬೆರಕೆಯಲ್ಲಿ ಪುಡಿ ಯಾವಾಗಲೂ ಕಡಿಮೆ ಬೀಳುತ್ತದೆ. ಸಾಗಿಸುವ ಮುನ್ನ ಘಟಕದವರಿಂದ ಬಿಲ್ ಪಡೆದು, ಪರವಾನಗಿ ಬೇಕೇ ಎಂಬುದನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿಕೊಂಡರೆ ದಾರಿಯಲ್ಲಿ ಗಾಡಿ ನಿಲ್ಲುವುದಿಲ್ಲ.

ಸುಣ್ಣ 25 ಕೆ.ಜಿ. ಚೀಲದಲ್ಲಿ ಬಂದರೆ ಒಟ್ಟು 238 ಚೀಲ, ಪದರಕ್ಕೆ 119. ನಾಲ್ಕು ಮೀಟರ್ ಅಗಲದಲ್ಲಿ ಅಡ್ಡಕ್ಕೆ ಎರಡು ಚೀಲ, ಉದ್ದಕ್ಕೆ 1.7 ಮೀಟರಿಗೊಂದು ಸಾಲಿನಂತೆ ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಅರಳಿಸಿದ ಒಣ ಸುಣ್ಣವನ್ನೇ ಕೊಳ್ಳಬೇಕು. ಸುಟ್ಟ ಸುಣ್ಣ ಅಗ್ಗವಾದರೂ ನೀರು ತಗುಲಿದಾಗ ಕುದಿಯುವಷ್ಟು ಬಿಸಿಯಾಗಿ ಕೈ, ಕಣ್ಣು ಸುಡುತ್ತದೆ. ತಂದ ಚೀಲಗಳನ್ನು ಹಲಗೆಯ ಮೇಲೆ ತಾಡಪತ್ರಿ ಮುಚ್ಚಿ ಇಡಬೇಕು, ತಿಂಗಳುಗಟ್ಟಲೆ ಇಡಬಾರದು.

ಕೆಲಸದ ಕ್ರಮ

ಕಾಲ ಫೆಬ್ರವರಿಯಿಂದ ಮೇ ಮೊದಲ ವಾರದವರೆಗೆ. ಹಿಂಗಾರಿನ ಜೋಳ, ಕಡಲೆ ಕಟಾವಾಗಿ ನೆಲ ಒಣಗಿರುತ್ತದೆ, ರೋಟಾವೇಟರ್ ಬಾಡಿಗೆಗೆ ಸಿಗುತ್ತದೆ. ಮೊದಲು ಮೇಲಿನ 15 ಸೆಂ.ಮೀ. ಮಣ್ಣನ್ನು ಕೂಳೆ, ಬೇರು ಸಮೇತ ಕೆತ್ತಿ ಪಕ್ಕದ ಹೊಲಕ್ಕೆ ಹಾಕಬೇಕು. ಕೊಳೆತ ಸಸ್ಯಾಂಶ ಸುಣ್ಣದ ಕೆಲಸಕ್ಕೆ ಅಡ್ಡಿ. ನಂತರ ಮದ್ದು ಕೊಡಬೇಕಾದ ಮಣ್ಣಿನ ಮೇಲರ್ಧವನ್ನು ಜೆಸಿಬಿಯಿಂದ ಬದಿಗೆ ಒಡ್ಡಾಗಿ ಸರಿಸಿ, ಕೆಳಗಿನ ಅರ್ಧವನ್ನು ಇದ್ದಲ್ಲೇ ಸಡಿಲಿಸಬೇಕು.

ಹೆಂಟೆ ಒಡೆಯುವ ಕೆಲಸದಲ್ಲಿ ಅವಸರ ಸಲ್ಲದು. ಮುಷ್ಟಿ ಗಾತ್ರದ ಹೆಂಟೆಯ ಹೊರಗೆ ಸುಣ್ಣ ಮೆತ್ತಿಕೊಂಡರೂ ಒಳಗೆ ಎರೆ ಎರೆಯಾಗಿಯೇ ಇರುತ್ತದೆ, ಮುಂದಿನ ಮಳೆಗೆ ಅದು ಒಳಗಿನಿಂದಲೇ ಉಬ್ಬುತ್ತದೆ. ಕಲ್ಲಿನಂತೆ ಒಣಗಿದ ಎರೆಯನ್ನು ರೋಟಾವೇಟರ್ ಪುಡಿ ಮಾಡದು, ಹಸಿಯಾದದ್ದು ಅದರ ಹಲ್ಲಿಗೆ ಸುತ್ತಿಕೊಳ್ಳುತ್ತದೆ. ಸಂಜೆ ತೆಳುವಾಗಿ ನೀರು ಚಿಮುಕಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ಉತ್ತರೆ ಹೆಂಟೆ ತಾನಾಗಿ ಬಿರಿಯುವ ಹದ ಸಿಗುತ್ತದೆ. ಈ ಹದ ಟ್ರ್ಯಾಕ್ಟರ್ ಚಾಲಕನಿಗೆ ಎಂಜಿನಿಯರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅವನ ಮಾತು ಕೇಳಬೇಕು. 25 ಮಿ.ಮೀ.ಗಿಂತ ದೊಡ್ಡ ಹೆಂಟೆ ಉಳಿಯದಂತೆ ಆಗುವವರೆಗೆ ಓಡಿಸಬೇಕು.

ಮೊದಲು ಸ್ಲರಿ ಹರಡಬೇಕು. ಅದು ಒಣ ಲೆಕ್ಕದಲ್ಲಿ ಪದರಕ್ಕೆ ಚದರ ಮೀಟರಿಗೆ 46 ಕೆ.ಜಿ.ಯಷ್ಟಾಗುತ್ತದೆ. ಗಡ್ಡೆಗಳನ್ನು ಒಡೆದು ಸಮನಾಗಿ ಎಳೆದು ಎರಡು ಸಲ ರೋಟಾವೇಟರ್ ಹೊಡೆಯಬೇಕು. ಪುಡಿ ಸೇರಿದ ಮಣ್ಣು ಬಿಡಿಬಿಡಿಯಾಗುವುದರಿಂದ ಮುಂದೆ ಸುಣ್ಣ ಎಲ್ಲೆಡೆ ತಲುಪುವುದು ಸುಲಭ. ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಚೀಲಗಳನ್ನು ಗುರುತು ಮಾಡಿದ ಜಾಗಗಳಲ್ಲಿ ಬಿಚ್ಚಿ, ಹಲುಬೆಯಿಂದ ಎಳೆದು, ಕೂಡಲೇ ಮಣ್ಣಿನೊಳಗೆ ತಿರುವಬೇಕು. ಒಣ ಗ್ರಾನೈಟ್ ಹಿಟ್ಟು ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆಗೆ ದಾರಿಯಾಗುತ್ತದೆ. ಟವೆಲ್ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್, ಕನ್ನಡಕ, ರಬ್ಬರ್ ಗ್ಲೌಸ್ ಮತ್ತು ಗಂಬೂಟುಗಳನ್ನು ಕೆಲಸಗಾರರಿಗೆ ಕೊಟ್ಟೇ ಕೆಲಸ ಶುರು ಮಾಡಬೇಕು. ಕಣ್ಣಿಗೆ ಸುಣ್ಣ ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಒಯ್ಯಬೇಕು.

ನೀರಿನ ಲೆಕ್ಕ ಹೀಗೆ. ಪದರದ ಒಣತೂಕ 96 ಟನ್, ಲ್ಯಾಬ್ ಹೇಳಿದ ತೇವ 22 ಶೇಕಡವಾದರೆ ಒಟ್ಟು 21 ಟನ್ ನೀರು ಬೇಕು. ಮಣ್ಣಿನಲ್ಲಿ ಆಗಲೇ 10 ಶೇಕಡ ತೇವವಿದ್ದರೆ ಅದು 7.4 ಟನ್, ಸ್ಲರಿಯೊಂದಿಗೆ ಬಂದದ್ದು 3.7 ಟನ್. ಹಾಕಬೇಕಾದದ್ದು ಸುಮಾರು 10 ಟನ್, ಅಂದರೆ ಐದು ಸಾವಿರ ಲೀಟರಿನ ಎರಡು ಟ್ಯಾಂಕರ್. ಏಪ್ರಿಲ್ ಬಿಸಿಲಿಗೆ ಇನ್ನರ್ಧ ಟ್ಯಾಂಕರ್ ಕೈಯಲ್ಲಿರಬೇಕು. ನೀರನ್ನು ಒಂದೇ ಸಲ ಸುರಿಯದೆ ಮೂರ್ನಾಲ್ಕು ಬಾರಿ ಚಿಮುಕಿಸುತ್ತ ಉಳಬೇಕು.

ಬೆರೆತ ಮೇಲೆ ಅಂದೇ ಪೂರ್ತಿ ಒತ್ತುವ ಆತುರ ಬೇಡ. ಜಿಗುಟು ಎರೆಗೆ ಸುಣ್ಣ ಒಳಹೊಗಲು ಸಮಯ ಬೇಕು. ಹಗುರವಾಗಿ ಒಂದು ಸಲ ರೋಲರ್ ಎಳೆದು, ಮೇಲೆ ನೀರು ಚಿಮುಕಿಸಿ, ಒಂದು ದಿನ ಹಾಗೇ ಬಿಡಬೇಕು. ಮರುದಿನ ಬಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹೊಸೆದು ನೋಡಬೇಕು. ನಿನ್ನೆ ಮೂರು ಮಿ.ಮೀ. ದಪ್ಪದ ದಾರದಂತೆ ಎಳೆದುಕೊಂಡಿದ್ದ ಮಣ್ಣು ಇಂದು ಹೊಸೆಯುವ ಮೊದಲೇ ತುಂಡಾಗುತ್ತದೆ, ಬೆರಳಿಗೆ ಅಂಟುವುದಿಲ್ಲ, ರವೆಯಂತೆ ಉದುರುತ್ತದೆ. ಆಗ ಮತ್ತೊಮ್ಮೆ ರೋಟಾವೇಟರ್ ಹೊಡೆದು, ತೇವ ಸರಿಮಾಡಿ, ಮೊದಲು ಗೊರಸಿನಂತಹ ಮೊಳೆಗಳಿರುವ ಪ್ಯಾಡ್‌ಫುಟ್ ರೋಲರಿನಿಂದ, ನಂತರ 8ರಿಂದ 10 ಟನ್ನಿನ ನಯವಾದ ವೈಬ್ರೇಟರ್ ರೋಲರಿನಿಂದ ಅಂಚಿನಿಂದ ನಡುವಿಗೆ ಒತ್ತುತ್ತ ಬರಬೇಕು. ಕೆಳಪದರ ಮುಗಿದ ಮೇಲೆ ಬದಿಯ ಒಡ್ಡನ್ನು ಎಳೆದು ಮೇಲ್ಪದರಕ್ಕೆ ಇದೇ ಕ್ರಮ.

ಪರಿಶೀಲನೆಯಲ್ಲಿ ಸಾಂದ್ರತೆಯನ್ನು ಕೋರ್ ಕಟ್ಟರ್ (ಮಣ್ಣಿಗೆ ಬಡಿದಿಳಿಸಿ ಮಾದರಿ ತೆಗೆಯುವ ಉಕ್ಕಿನ ಕೊಳವೆ) ಅಥವಾ ಮರಳು ತುಂಬುವ ವಿಧಾನದಿಂದ ಅಳೆದು, ರಸ್ತೆ ತಳಕ್ಕೆ ಹೇಳಿರುವಂತೆ ಲ್ಯಾಬಿನ ಸಾಂದ್ರತೆಯ 97 ಶೇಕಡ ಬಂದಿದೆಯೇ ನೋಡಬೇಕು. ನಾನು ಹೆಚ್ಚು ನಂಬುವುದು ಇನ್ನೊಂದನ್ನು. ಪ್ರತಿ ಇಪ್ಪತ್ತು ಮೀಟರಿಗೊಂದು ಸಣ್ಣ ಗುಂಡಿ ತೋಡಿ, ಅದರ ಗೋಡೆಗೆ ಫಿನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಬೇಕು. ಪಿಯುಸಿ ಪ್ರಯೋಗಾಲಯದಲ್ಲಿ ಕಂಡ ಅದೇ ದ್ರಾವಣ. ಸುಣ್ಣ ತಲುಪಿದ ಕಡೆಯೆಲ್ಲ ಮಣ್ಣು ಕಡು ಗುಲಾಬಿಯಾಗುತ್ತದೆ. ತಳದಲ್ಲಿ ಮೂರು ಬೆರಳಗಲ ಕಪ್ಪಾಗಿಯೇ ಉಳಿದರೆ ರೋಟಾವೇಟರ್ ಅಷ್ಟು ಆಳಕ್ಕೆ ಇಳಿದಿಲ್ಲ, ಗುಲಾಬಿಯ ನಡುವೆ ಕಪ್ಪು ಚುಕ್ಕೆಗಳಿದ್ದರೆ ಹೆಂಟೆ ಒಡೆದಿಲ್ಲ. ಗುತ್ತಿಗೆದಾರರೊಂದಿಗೆ ವಾದಿಸುವ ಅಗತ್ಯವೇ ಬೀಳುವುದಿಲ್ಲ.

ಮುಗಿದ ಮೇಲ್ಪದರವನ್ನು ಏಳು ದಿನ ಒದ್ದೆ ಗೋಣಿ ಅಥವಾ ಪದೇ ಪದೇ ಚಿಮುಕಿಸಿದ ನೀರಿನಿಂದ ಹಸಿಯಾಗಿಡಬೇಕು, ಭಾರದ ಗಾಡಿ ಬಿಡಬಾರದು. ಅದು ನೇರವಾಗಿ ಗಾಲಿ ಓಡುವ ಮೈಯಲ್ಲ, ಅದರ ಮೇಲೆ 150 ಮಿ.ಮೀ. ಗರಸು ಅಥವಾ ಜಲ್ಲಿಯ ಪದರ ಬರಬೇಕು.

ನೀರಿನ ದಾರಿ

ಮದ್ದು ಕೊಟ್ಟಿರುವುದು 30 ಸೆಂ.ಮೀ.ಗೆ ಮಾತ್ರ, ಅದರ ಕೆಳಗೆ ಆಳುದ್ದ ಎರೆ ಹಾಗೆಯೇ ಇದೆ. ಅದರ ತೇವ ಋತುವಿಗೊಮ್ಮೆ ಏರಿಳಿಯದಂತೆ ಮಾಡಿದರೆ ಮಾತ್ರ ಮೇಲಿನ ಕೆಲಸ ಉಳಿಯುತ್ತದೆ. ದಾರಿಯ ನಡು ಎತ್ತರವಾಗಿ ಎರಡೂ ಬದಿಗೆ 4 ಶೇಕಡ, ಅಂದರೆ ಮೀಟರಿಗೆ 4 ಸೆಂ.ಮೀ., ಇಳಿಜಾರಿರಬೇಕು. ಪಕ್ಕದ ಹೊಲದ ನೀರು ನಿಲ್ಲುವ ಮಟ್ಟಕ್ಕಿಂತ ದಾರಿಯ ಮೈ ಕನಿಷ್ಠ 60 ಸೆಂ.ಮೀ. ಮೇಲಿರಬೇಕು. ಬದಿಯ ಚರಂಡಿ ದಾರಿಗೆ ಅಂಟಿಕೊಂಡಿರದೆ ಒಂದೂವರೆ ಮೀಟರಾದರೂ ದೂರವಿರಬೇಕು, ಅದರ ತಳ ಎಲ್ಲಿಯೂ ಹೊಂಡವಾಗದೆ ಹಳ್ಳ ಸೇರುವವರೆಗೆ ಇಳಿಯಬೇಕು. ನೀರು ನಿಲ್ಲುವ ಚರಂಡಿ ಚರಂಡಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ದಾರಿಯ ಅಂಚಿನಲ್ಲಿ ಬಳ್ಳಾರಿ ಜಾಲಿ ಬೆಳೆಯಲು ಬಿಡಬಾರದು. ಅದರ ಬೇರುಗಳು ಬೇಸಿಗೆಯಲ್ಲಿ ಒಂದು ಬದಿಯ ತೇವವನ್ನಷ್ಟೇ ಹೀರಿ ದಾರಿಯುದ್ದಕ್ಕೂ ಸೀಳು ಬರಿಸುತ್ತವೆ.

ಇದೇ ವಿಧಾನವನ್ನು ಮನೆಯ ಅಡಿಪಾಯಕ್ಕೆ ಬಳಸಬಹುದೇ ಎಂದು ಕೇಳುವವರು ಬಹಳ. ಅಂಗಳ, ಕಣ, ಗೋದಾಮಿನ ನೆಲಹಾಸಿನ ತಳಕ್ಕೆ ಬಳಸಬಹುದು, ಗೋಡೆ ಹೊರುವ ಅಡಿಪಾಯಕ್ಕೆ ಬೇಡ. ಆಳವಾದ ಎರೆಯಲ್ಲಿ ಮನೆಗೆ ಐಎಸ್ 2911ರ 3ನೇ ಭಾಗದಲ್ಲಿರುವ, ಬುಡದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬಗಳಾದ ಅಂಡರ್ ರೀಮ್ಡ್ ಪೈಲುಗಳನ್ನು ಕನಿಷ್ಠ 3.5 ಮೀಟರ್ ಆಳಕ್ಕೆ ಇಳಿಸುವುದು ಸರಿಯಾದ ದಾರಿ. ಶಕ್ತಿನಗರದ ಹಾರುಬೂದಿ ಹತ್ತಿರವಿರುವ ರಾಯಚೂರಿನವರು ಸ್ಲರಿಗಾಗಿ ಕುಷ್ಟಗಿಗೆ ಬರುವುದಕ್ಕಿಂತ ಸುಣ್ಣದೊಂದಿಗೆ ಹಾರುಬೂದಿ ಬೆರೆಸುವುದು ಲಾಭ, ಏಕೆಂದರೆ ಆ ಬೂದಿಯ ಸಿಲಿಕಾ ಸುಣ್ಣಕ್ಕೆ ಬಗ್ಗುತ್ತದೆ. ತೋರಣಗಲ್ಲಿನ ಉಕ್ಕಿನ ಕಿಟ್ಟ ತರುವ ಬಳ್ಳಾರಿಯವರು ಅದು ಸಾಕಷ್ಟು ಕಾಲ ಮಳೆ ಬಿಸಿಲಿಗೆ ಹದಗೊಂಡಿದೆಯೇ ಎಂದು ಕೇಳಬೇಕು. ಹಸಿ ಕಿಟ್ಟದೊಳಗಿನ ಬಿಡಿ ಸುಣ್ಣ ನಿಧಾನವಾಗಿ ಅರಳಿ ತಾನೇ ಉಬ್ಬುತ್ತದೆ.

ಮೊದಲ ಮಳೆಗಾಲ ಕಳೆದು, ಡಿಸೆಂಬರಿನಲ್ಲಿ ನೆಲ ಒಣಗತೊಡಗಿದಾಗ, ದಾರಿಯ ಎರಡೂ ಅಂಚುಗಳನ್ನು ಒಮ್ಮೆ ನಡೆದು ನೋಡಬೇಕು. ಬಿರುಕು ಬಂದರೆ ಅಲ್ಲಿಯೇ ಮೊದಲು ಬರುತ್ತದೆ. ಬೆರಳು ತೂರುವಷ್ಟಿದ್ದರೆ ಮಣ್ಣು, ಪುಡಿ, ಸುಣ್ಣದ ಅದೇ ಬೆರಕೆಯನ್ನು ನೀರಾಗಿ ಕಲಸಿ ತುಂಬಿ, ಮೇಲೆ ಗರಸು ಹಾಕಿ ಒತ್ತಬೇಕು. ಈ ಕೆಲಸಕ್ಕೆಂದು ಎರಡು ಚೀಲ ಸ್ಲರಿಯನ್ನು ಗೋದಾಮಿನ ಮೂಲೆಯಲ್ಲಿ ಇಟ್ಟುಕೊಂಡಿರಬೇಕು, ಸುಣ್ಣವನ್ನು ಮಾತ್ರ ಆಗ ಹೊಸದಾಗಿ ತರಬೇಕು.